ನಿರ್ಲಕ್ಷ್ಯವೋ, ನಿರುಪಾಯವೋ?



ಕಬ್ಬಿನ ಹಂಗಾಮಿನಲ್ಲಿ ಸಂಕೇಶ್ವರದಿಂದ ಕಣಗಲಾ ಮಾರ್ಗವಾಗಿ ನಿಪ್ಪಾಣಿಯತ್ತ ಹೋಗುವಾಗ ಹೆದ್ದಾರಿಯ ಬದಿಯ ಹೊಲಗಳ ಕಡೆಗೆ ಒಮ್ಮೆ ಕಣ್ಣು ಹಾಯಿಸಿರಿ. ಬೀಡ ಮೊದಲಾದ ದೂರದ ಜಿಲ್ಲೆಗಳಿಂದ ಬಂದ ಗ್ಯಾಂಗಿನ ಗಂಡಹೆಂಡಿರು ಬೆಳಕು ಹರಿಯುವ ಮುನ್ನವೇ ಕಡಿಯಲು ಇಳಿದಿರುತ್ತಾರೆ. ಬದುವಿನ ಗಿಡಕ್ಕೆ ಹಳೆಯ ಸೀರೆಯ ಜೋಳಿಗೆ, ಅದರಲ್ಲಿ ಹಸುಗೂಸು, ತೂಗುತ್ತ ಕುಳಿತವಳು ಶಾಲೆಯಲ್ಲಿರಬೇಕಾದ ಆರೇಳು ವರ್ಷದ ಅಕ್ಕ. ದಾರಿಹೋಕರು “ಎಂಥ ತಾಯಿ ಇವಳು!” ಎಂದು ಮುಂದೆ ಸಾಗುತ್ತಾರೆ. ಯಾರಾದರೂ 1098ಕ್ಕೆ ಕರೆ ಮಾಡಿದಲ್ಲಿ, ವಿಚಾರಿಸಲು ಬರುವ ಸಮಾಜ ಕಾರ್ಯಕರ್ತೆಯು ಹಾಗೆ ಸಾಗುವಂತಿಲ್ಲ. ಅವಳು ನಿರ್ಣಯಿಸಬೇಕು.

ಯಾವುದನ್ನು? 2015ರ ಬಾಲನ್ಯಾಯ ಕಾಯಿದೆಯು ತಂದೆತಾಯಿಗಳ ಅಯೋಗ್ಯತೆ ಬೇರೆ, ಅಶಕ್ತತೆ ಬೇರೆ ಎಂದು ಎರಡು ಪದಗಳನ್ನು ಬಳಸಿದೆ. ಒಂದು ಸಂಸಾರದ ಭವಿಷ್ಯವೇ ಆ ಎರಡರ ನಡುವೆ ನಿಂತಿದೆ. ಮಕ್ಕಳ ಕಲ್ಯಾಣ ಸಮಿತಿಗೆ ಸಲ್ಲಬೇಕಾದ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಬಲ್ಲ ಕಾರ್ಯಕರ್ತೆ ಗುಡಿಸಲಿನ ಹರುಕನ್ನು ನೋಡಿ ಬರೆಯುವುದಿಲ್ಲ. ಮಗುವಿನ ತೂಕವೆಷ್ಟು, ಲಸಿಕೆಗಳಾಗಿವೆಯೇ, ಜ್ವರ ಬಂದಾಗ ಎಲ್ಲಿಗೆ ಒಯ್ದರು, ಹಾಲೂಡಿಸಲು ತಾಯಿ ಎಷ್ಟು ಹೊತ್ತಿಗೊಮ್ಮೆ ಬರುತ್ತಾಳೆ, ತಂದೆಗೆ ಕುಡಿತವಿದೆಯೇ ಎಂದು ಕೇಳುತ್ತಾಳೆ. ತಾಯಿ ಬಂದಾಗ ಮಗು ಕೈ ಚಾಚುತ್ತದೆಯೋ, ಬೆದರಿ ಮುದುಡುತ್ತದೆಯೋ ನೋಡುತ್ತಾಳೆ. ಇದು ಯಾವ ಕಾಗದದಲ್ಲಿಯೂ ಸಿಗದು, ಒಂದೇ ಭೇಟಿಯಲ್ಲಿಯೂ ತಿಳಿಯದು. ಮಗುವನ್ನು ಅಂಗನವಾಡಿಗೆ ಸೇರಿಸಿ, ದಾರಿ ತೋರಿಸಿಕೊಟ್ಟ ಮೇಲೆಯೂ ಕಾರಣವಿಲ್ಲದೆ ಕಳಿಸದಿದ್ದರೆ ಆಗ ಮಾತು ಬೇರೆ.

ಪ್ರಸಾದನಿಲಯದಲ್ಲಿ ಬೆಳೆದ ಹಳೆಯ ವಿದ್ಯಾರ್ಥಿಗಳೇ, ಎಳೆವಯಸ್ಸಿನಲ್ಲಿ ನಿಮ್ಮನ್ನು ಬಿಟ್ಟು ಹೋದ ತಂದೆಯನ್ನು ನೆನೆಯಿರಿ. ಹಿಂತಿರುಗಿ ನೋಡಿದರೆ ಹೋಗಲಾಗದೆಂದು ಆತ ನೋಡಲಿಲ್ಲ. ಹೊರಗಿನವರು ಅದನ್ನು ಏನೆಂದು ಬರೆದುಕೊಳ್ಳುತ್ತಿದ್ದರು? ಹೆತ್ತವರು ಕೈಮೀರಿದ ಸ್ಥಿತಿಯಲ್ಲಿ ಮಗುವನ್ನು ತೊರೆದಿದ್ದರೆ ಅದು ಬುದ್ಧಿಪೂರ್ವಕವಲ್ಲವೆಂದೇ ಎಣಿಸತಕ್ಕದ್ದೆಂದು ಅದೇ ಕಾಯಿದೆಯ 75ನೆಯ ಕಲಮು ಹೇಳುತ್ತದೆ.

ಹಾಗೆಂದು ಕನಿಕರವೊಂದೇ ಸಾಕೆಂದು ನಾನು ಹೇಳಲಾರೆ. “ಬಡವರ ಮಕ್ಕಳು ಬೆಳೆಯುವುದೇ ಹೀಗೆ” ಎಂಬ ಮಾತು ಕೇಳಲು ಉದಾರ. ಅದರಷ್ಟು ನಿಷ್ಠುರವಾದುದು ಇನ್ನೊಂದಿಲ್ಲ. ಕಬ್ಬಿನ ರವದಿಯೊಳಗಿನ ಹಾವು, ಹಿಂದಕ್ಕೆ ಸರಿಯುವ ಟ್ರ್ಯಾಕ್ಟರಿನ ಗಾಲಿ ತಾಯಿ ನಿರಪರಾಧಿಯೇ ಎಂದು ವಿಚಾರಿಸುವುದಿಲ್ಲ. ಮಗುವಿಗೆ ಇಂದು ಏನು ಕೊರತೆ ಎಂಬುದು ಒಂದು ಪ್ರಶ್ನೆ. ಅದಕ್ಕೆ ಯಾರು ಹೊಣೆ ಎಂಬುದು ಇನ್ನೊಂದು. ನಾವು ಎರಡನೆಯದನ್ನೇ ಮೊದಲು ಕೇಳುತ್ತೇವೆ. ಬೈಯಲು ಒಬ್ಬಳು ಸಿಗುತ್ತಾಳಲ್ಲ! ಮೊದಲನೆಯದಕ್ಕೆ ಆ ದಿನವೇ ಉತ್ತರ ಬೇಕು. ಎರಡನೆಯದನ್ನು ಪ್ರಾಮಾಣಿಕವಾಗಿ ಹುಡುಕಹೊರಟರೆ ಅದು ಜೋಳಿಗೆಯ ಬಳಿ ನಿಲ್ಲದೆ, ಮುಂಗಡ ಕೊಟ್ಟು ಜೋಡಿಯನ್ನು ಕಟ್ಟಿಹಾಕಿದ ಮುಕಾದಮನನ್ನೂ ಕಾರ್ಖಾನೆಯನ್ನೂ ಹೊಲದ ಒಡೆಯನನ್ನೂ ಮುಟ್ಟುತ್ತದೆ. ನಮ್ಮ ಓದುಗರಲ್ಲಿ ಕಬ್ಬು ಬೆಳೆಯುವವರು ಕಡಿಮೆಯಿಲ್ಲ.

ಈ ಹಂಗಾಮಿನಲ್ಲಿ ನಿಮ್ಮ ಹೊಲಕ್ಕೆ ಗ್ಯಾಂಗು ಇಳಿದ ದಿನ, ಎಷ್ಟು ಟನ್ನಾಯಿತೆಂದು ಕೇಳುವ ಮೊದಲು ಬದುವಿನ ಮೇಲೆ ಎಷ್ಟು ಜೋಳಿಗೆಗಳಿವೆಯೆಂದು ಎಣಿಸಿರಿ. ಅಂಗನವಾಡಿಯ ಬಾಯಿಗೆ ಹೇಳಿ ಕಳಿಸಿರಿ.