ಹನುಮಂತನ ಎರಡು ಚಿಂತನೆಗಳು

ಸಂಕಲ್ಪ-ವಿಕಲ್ಪಗಳೇ ಮನಸ್ಸಿನ ಸ್ವಭಾವ. ನಿಶ್ಚಯಿಸುವುದು ಬುದ್ಧಿಯ ಕಾರ್ಯವೆಂದು ವೇದಾಂತವು ಸಾರುತ್ತದೆ. 'ಹೀಗಾದರೆ ಏನು ಗತಿ, ಹಾಗಾದರೆ ಏನು ಗತಿ' ಎಂದು, ಇನ್ನೂ ನಡೆಯದುದನ್ನು ನೆನೆದು, ನಡೆದಷ್ಟೇ ದುಃಖವನ್ನು ಮನಸ್ಸು ಅನುಭವಿಸಬಲ್ಲುದು. ಹಾಗಾದರೆ ಮುಂದಿನದನ್ನು ಊಹಿಸುವುದೇ ದೋಷವೆ? ನವರಾತ್ರಿಯಲ್ಲಿ ಅನೇಕ ಮನೆಗಳಲ್ಲಿ ಪಾರಾಯಣಗೊಳ್ಳುವ ಶ್ರೀಮದ್ವಾಲ್ಮೀಕಿ ರಾಮಾಯಣದ ಸುಂದರಕಾಂಡವು ಈ ಪ್ರಶ್ನೆಗೆ ಹನುಮಂತನ ಮೂಲಕವೇ ಉತ್ತರವಿತ್ತಿದೆ.

ಲಂಕೆಯನ್ನೆಲ್ಲ ಶೋಧಿಸಿದರೂ ಸೀತಾದೇವಿಯ ಸುಳಿವು ದೊರೆಯಲಿಲ್ಲ. 13ನೆಯ ಸರ್ಗದಲ್ಲಿ ಮಾರುತಿಯ ಮನಸ್ಸು ಕಲ್ಪನೆಯ ಬೆನ್ನು ಹತ್ತುತ್ತದೆ. ದೇವಿಯು ಆಕಾಶಮಾರ್ಗದಿಂದ ಸಾಗರಕ್ಕೆ ಬಿದ್ದಿರಬಹುದೆ? ರಾವಣನೇ ಭಕ್ಷಿಸಿರಬಹುದೆ? ಈ ವಾರ್ತೆಯನ್ನು ಕೇಳಿದರೆ ಶ್ರೀರಾಮನು ಪ್ರಾಣ ಬಿಡುವನು. ಅವನ ಹಿಂದೆಯೇ ಲಕ್ಷ್ಮಣನು. ಅದನ್ನು ತಿಳಿದು ಭರತ-ಶತ್ರುಘ್ನರು, ಬಳಿಕ ತಾಯಂದಿರು. ಕೊನೆಗೆ ಸುಗ್ರೀವ, ರುಮೆ, ತಾರೆ, ಅಂಗದ, ಸಮಸ್ತ ವಾನರರು! ವಾಸ್ತವದಲ್ಲಿ ಇವರಲ್ಲಿ ಒಬ್ಬರೂ ಮಡಿದಿರಲಿಲ್ಲ. ಆದರೂ ಹನುಮಂತನು ತಾನೂ ಪ್ರಾಣತ್ಯಾಗ ಮಾಡುವ ಆಲೋಚನೆಯವರೆಗೆ ಹೋದನು. ನೂರು ಯೋಜನ ಸಾಗರವು ತಡೆಯಲಾರದ ವೀರನನ್ನು ಊಹೆಯೊಂದು ತಡೆದು ನಿಲ್ಲಿಸಿತು.

ಪ್ರಾಣ ಬಿಡುವುದರಿಂದ ಯಾವ ಕಾರ್ಯವೂ ಸಾಧಿಸದೆಂಬ ವಿವೇಕ ಮೂಡಿದಾಗ ಅವನ ದೃಷ್ಟಿ ಹೊರಗೆ ತಿರುಗಿತು. ಇನ್ನೂ ಹುಡುಕದೆ ಉಳಿದ ಅಶೋಕವನವು ಎದುರಿಗೆ ಕಂಡಿತು. ರಾಮ, ಲಕ್ಷ್ಮಣ, ಸೀತೆಯರಿಗೂ ದೇವತೆಗಳಿಗೂ ನಮಸ್ಕರಿಸಿ ಅವನು ಅತ್ತ ನಡೆದನು. ದೇವಿಯು ಇದ್ದುದು ಅಲ್ಲಿಯೇ.

30ನೆಯ ಸರ್ಗದಲ್ಲಿ ಅದೇ ಹನುಮಂತನು ಶಿಂಶುಪಾವೃಕ್ಷದ ಮರೆಯಲ್ಲಿ ಕುಳಿತು ಮತ್ತೆ ಊಹಿಸುತ್ತಾನೆ. ಮಾತನಾಡಿಸದೆ ಹಿಂದಿರುಗಿದರೆ ದುಃಖಿತೆಯಾದ ದೇವಿಯು ಪ್ರಾಣ ಬಿಟ್ಟಾಳು. ದ್ವಿಜರಂತೆ ಸಂಸ್ಕೃತದಲ್ಲಿ ನುಡಿದರೆ ರಾವಣನೆಂದು ತಿಳಿದು ಬೆದರಿಯಾಳು. ಅವಳು ಕೂಗಿಕೊಂಡರೆ ರಾಕ್ಷಸಿಯರು ಆಯುಧ ಹಿಡಿದು ಬಂದಾರು. ತಾನು ಸೆರೆಯಾದರೆ ಸಾಗರವನ್ನು ದಾಟಿ ರಾಮನಿಗೆ ಸುದ್ದಿ ಮುಟ್ಟಿಸುವವರಾರು? ಇಲ್ಲಿಯೂ ಅನಿಷ್ಟಗಳದೇ ಸಾಲು. ಆದರೆ ಒಂದೊಂದು ಊಹೆಯೂ ಒಂದೊಂದು ತಪ್ಪು ದಾರಿಯನ್ನು ಮುಚ್ಚುತ್ತ ಬಂದು, ಕೊನೆಗೆ ಸರಿದಾರಿಯನ್ನು ತೋರಿತು: ದೇವಿಯ ಕಿವಿಗೆ ಇಂಪಾಗುವಂತೆ ರಾಮಕಥೆಯನ್ನೇ ಮೆಲ್ಲನೆ ಹೇಳುವುದು.

ಊಹಿಸುವ ಶಕ್ತಿ ಎರಡು ಕಡೆಯೂ ಒಂದೇ; ಭೇದವಿರುವುದು ಅದರ ಗುರಿಯಲ್ಲಿ. ಮೊದಲನೆಯದು ತನ್ನ ಕೈಯಲ್ಲಿಲ್ಲದ ಫಲವನ್ನು ಎಣಿಸಿತು. ಎರಡನೆಯದು ತಾನು ಮಾಡಬೇಕಾದ ಕಾರ್ಯವನ್ನು ತೂಗಿ ನೋಡಿತು. ಮಗನು ಮನೆಗೆ ಬರುವುದು ತಡವಾದ ಸಂಜೆ, ವೈದ್ಯರ ಮಾತಿಗಾಗಿ ಕಾಯುವ ರಾತ್ರಿ, ಗೃಹಸ್ಥನ ಮನಸ್ಸೂ 13ನೆಯ ಸರ್ಗದಲ್ಲಿ ಅಲೆಯುತ್ತದೆ. ಆಗ ಅವನು ತನ್ನನ್ನು ಕೇಳಿಕೊಳ್ಳಬೇಕು: 'ಈ ಊಹೆಯಿಂದ ಈಗ ಮಾಡಬಹುದಾದ ಕಾರ್ಯವೇನಾದರೂ ತೋರುವುದೆ?' ತೋರಿದರೆ ಮಾಡಲಿ. ತೋರದಿದ್ದರೆ ಅದನ್ನು ಭಗವಂತನ ಪಾದದಲ್ಲಿರಿಸಿ, ತಾನಿನ್ನೂ ಹುಡುಕದ ಅಶೋಕವನವು ಯಾವುದೆಂದು ನೋಡಲಿ.

ಬುದ್ಧಿವಂತರಲ್ಲಿ ಅಗ್ರಗಣ್ಯನಾದ ಹನುಮಂತನಿಗೂ ಕಳವಳ ತಪ್ಪಲಿಲ್ಲವೆಂಬುದನ್ನು ಆದಿಕವಿಯು ಮರೆಮಾಚಲಿಲ್ಲ. ಆದುದರಿಂದ ಕಳವಳಗೊಂಡವನು ತನ್ನನ್ನು ಹಳಿದುಕೊಳ್ಳಬೇಕಿಲ್ಲ. ಅಲ್ಲಿಯೇ ನಿಂತುಬಿಡದಿದ್ದರೆ ಸಾಕು. ರಾವಣವಧೆಯ ದಾರಿ ತೆರೆದುದು ಅಶೋಕವನದತ್ತ ಇಟ್ಟ ಆ ಹೆಜ್ಜೆಯಿಂದ. ವಿಜಯದಶಮಿಯ ಈ ಪುಣ್ಯಕಾಲದಲ್ಲಿ ಶ್ರೀರಾಮಚಂದ್ರನು ಎಲ್ಲರಿಗೂ ಅಂತಹ ಹೆಜ್ಜೆಯನ್ನಿಡುವ ಧೈರ್ಯವನ್ನು ಕರುಣಿಸಲಿ.