ವಾಷಿಂಗ್ಟನ್ ಯಾರ ಖಾತೆಯಲ್ಲಿದೆ?

ಗ್ರಾಮಲೆಕ್ಕಿಗನಾಗಿದ್ದವನಿಗೆ ನಿವೃತ್ತಿಯಾದರೂ ಹಳೆಯ ದಫ್ತರಗಳ ರುಚಿ ಬಿಡದು. ಇಂಗ್ಲೆಂಡಿನ ಡರಂ ಬಿಷಪ್ಪನ ಭೂಮಿಯ ಲೆಕ್ಕ ಬರೆದ 1183ರ ‘ಬೋಲ್ಡನ್ ಬುಕ್’ ನನ್ನ ಕಣ್ಣಿಗೆ ಪಹಣಿಯೇ. ಅದರಲ್ಲೊಂದು ನಮೂದು: ಹರ್ಟ್‌ಬರ್ನ್‌ನ ವಿಲಿಯಂ ಆ ಊರನ್ನು ಬಿಟ್ಟುಕೊಟ್ಟು, ಬದಲಿಗೆ ವಾಷಿಂಗ್ಟನ್ ಪಡೆದಿದ್ದಾನೆ, ನಾಲ್ಕು ಪೌಂಡು ಸಲ್ಲಿಸಬೇಕು, ದೊಡ್ಡ ಬೇಟೆಗೆ ನಾಲ್ಕು ಬೇಟೆನಾಯಿಗಳೊಡನೆ ಹೋಗಬೇಕು.

ಊರಿನ ಜೊತೆ ಮನೆತನದ ಹೆಸರೂ ಬದಲಾಯಿತು. ಊರಿಗಾದರೂ ಅದು ಬಂದದ್ದು ವಾಸ್ಸ ಎಂಬ ಆಂಗ್ಲೋ-ಸ್ಯಾಕ್ಸನ್ ಗೃಹಸ್ಥನಿಂದ ಎನ್ನುತ್ತಾರೆ ಸ್ಥಳನಾಮ ಪಂಡಿತರು. ಅವನದೆಂದು ಉಳಿದಿರುವುದು ಆ ಹೆಸರೊಂದೇ. ಮನುಷ್ಯನಿಂದ ಊರಿಗೆ, ಊರಿನಿಂದ ವಂಶಕ್ಕೆ, ಆ ವಂಶದ ಜಾರ್ಜ್‌ನಿಂದ 1791ರಲ್ಲಿ ಅಮೆರಿಕದ ಹೊಸ ರಾಜಧಾನಿಗೆ: ಖಾತೆ ಬದಲಾಗುತ್ತಲೇ ಹೋಯಿತು.

‘ಮಿಲಿಂದ ಪ್ರಶ್ನೆ’ ಎಂಬ ಬೌದ್ಧ ಗ್ರಂಥದಲ್ಲಿ ದೊರೆ ಹೆಸರು ಕೇಳಿದಾಗ ಭಿಕ್ಷು ನಾಗಸೇನ ಹೇಳುವುದೂ ಇದನ್ನೇ. ಹೆಸರು ವ್ಯವಹಾರಕ್ಕಷ್ಟೇ, ಅದರೊಳಗೆ ಹುಡುಕಿದರೆ ಯಾರೂ ಸಿಗುವುದಿಲ್ಲ. ಹಾಗಿದ್ದರೆ ಹೆಸರಿನ ಮೇಲೆ ಯಾರಿಗೂ ಹಕ್ಕಿಲ್ಲವೇ?

ಇಲ್ಲಿ ನನಗೆ ಇನ್ನೊಂದು ದಫ್ತರ ಅಡ್ಡ ಬರುತ್ತದೆ. 1799ರಲ್ಲಿ ಜಾರ್ಜ್ ವಾಷಿಂಗ್ಟನ್ ತನ್ನ ಮೌಂಟ್ ವರ್ನನ್ ಎಸ್ಟೇಟಿನ 317 ಗುಲಾಮರ ಪಟ್ಟಿಯನ್ನು ತಾನೇ ಬರೆದ. ಅದರಲ್ಲಿ ಹೆಚ್ಚಿನವರು ಒಂಟಿ ಹೆಸರಿನವರು. ಮನೆತನದ ಕಾಲಂ ಅವರಿಗಿಲ್ಲ. 1856ರಲ್ಲಿ ವರ್ಜೀನಿಯಾದಲ್ಲಿ ಗುಲಾಮನಾಗಿ ಹುಟ್ಟಿದ ಬೂಕರ್ ಕೂಡ ಹಾಗೆಯೇ. ಬಿಡುಗಡೆಯ ನಂತರ ಶಾಲೆಗೆ ಸೇರಿದಾಗ ಮಕ್ಕಳೆಲ್ಲ ಎರಡೆರಡು ಹೆಸರು ಹೇಳುವುದು ಅವನ ಕಿವಿಗೆ ಬಿತ್ತು. ತನ್ನ ಸರದಿ ಬಂದಾಗ ‘ಬೂಕರ್ ವಾಷಿಂಗ್ಟನ್’ ಎಂದುಬಿಟ್ಟ. ಮುಂದೆ ಟಸ್ಕೆಗೀ ವಿದ್ಯಾಸಂಸ್ಥೆಯನ್ನು ಕಟ್ಟಿ ಬೆಳೆಸಿದ್ದು ಆ ಹುಡುಗನೇ. 2000ರ ಅಮೆರಿಕದ ಜನಗಣತಿಯಲ್ಲಿ ಈ ಮನೆತನದ ಹೆಸರಿನವರು ಸುಮಾರು 1,63,000; ಅವರಲ್ಲಿ ಶೇಕಡಾ 90ರಷ್ಟು ಮಂದಿ ಕಪ್ಪು ಜನಾಂಗದವರು. ವಾಸ್ಸನ ರಕ್ತಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ.

ನಾಗಸೇನನ ಮಾತು ಸುಳ್ಳೆನ್ನಲಾರೆ. ಆದರೆ ತಂದೆತಾಯಿ ಇಂಥ ಹೆಸರು ಇಡುತ್ತಾರೆಂದು ಅವನೇ ದೊರೆಗೆ ಹೇಳುತ್ತಾನೆ. ಅವನಿಗೆ ಕೊಟ್ಟವರಿದ್ದರು, ಕರೆಯುವವರಿದ್ದರು. ಕೇಳಿದವನೂ ಸಿಂಹಾಸನದ ಮೇಲಿದ್ದವನು. ಇಬ್ಬರಿಗೂ ಬಿಡಲು ಏನೋ ಇತ್ತು. ಒಡೆಯನ ಆಸ್ತಿಪಟ್ಟಿಯಲ್ಲಿ ಒಂಟಿ ಹೆಸರಾಗಿ ಉಳಿದವನಿಗೆ ‘ಹೆಸರು ಮಾಯೆ’ ಎಂದರೆ ಅದು ವೇದಾಂತವಾಗದು, ಒಡೆಯನ ವಾದವಾಗುತ್ತದೆ. ಮೊದಲು ಬೂಕರನ ಹೆಸರು ಪೂರ್ತಿ ಬರೆದುಕೊಳ್ಳಿ. ಅದು ಬರೀ ಹೆಸರೆಂದು ಕಂಡುಕೊಳ್ಳುವ ಹಕ್ಕು ಅವನದೇ.