ನಮ್ಮ ಸೆಕ್ಟರಿಗೆ ಯಾವ ಅಂಗಡಿ ಬೇಕು?

ಬಾಗಲಕೋಟೆ ನವನಗರದ ನಮ್ಮ ಸೆಕ್ಟರಿನಲ್ಲಿ ಸಂಜೆಮುಂದೆ ನಾಲ್ಕು ಮಂದಿ ಹೆಣ್ಣುಮಕ್ಕಳು ಕೂಡಿದರೆ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಅಂಗಡಿಗೆ ಬಂದು ನಿಲ್ಲುತ್ತದೆ. ಹಿಟ್ಟಿನ ಗಿರಣಿ ದೂರ, ರಾತ್ರಿ ಗುಳಿಗೆ ಸಿಗುವುದಿಲ್ಲ, ಚಪ್ಪಲಿಯ ಉಂಗುಟ ಕಿತ್ತರೆ ಹೊಲಿಸಲು ಹಳೇ ಊರಿಗೇ ಹೋಗಬೇಕು. ನಾನು ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಸೋಮವಾರ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಹತ್ತಾರು ಮಂದಿ ಸೇರಿ ವಚನ ಓದುತ್ತೇವೆ. ಹೀಗೆ ಓದು ಮುಗಿದ ಒಂದು ಸಂಜೆ ಎದುರುಮನೆಯ ಸೊಸೆ ಕೇಳಿದಳು: “ಅಕ್ಕೋರ, ಶರಣರು ಆಸೆ ಬಿಡ್ರಿ ಅಂತಾರ. ನಾವು ದಿನಾ ಆ ಅಂಗಡಿ ಬೇಕಿತ್ತು, ಈ ಅಂಗಡಿ ಬೇಕಿತ್ತು ಅಂತ ಕುಂದ್ರತೀವಿ. ಅದೂ ಆಸೀನ ಅಲ್ಲೇನ್ರಿ?”

ಪ್ರಶ್ನೆ ಸಣ್ಣದಲ್ಲ. ಪೇಟೆಯ ನಡುವೆ ಬದುಕುವ ಮನುಷ್ಯನಿಗೆ ಧರ್ಮ ಹೇಳುವುದೇನು? ಬೇಕು ಎನ್ನುವುದೆಲ್ಲ ಬಂಧನವೇ? ಈ ಪ್ರಶ್ನೆಯನ್ನು ನಮ್ಮೂರಿನ ನೆಲದ ಮೇಲೆ ನಿಂತೇ ಕೇಳಿಕೊಳ್ಳಬೇಕು ಎಂದು ನನಗೆ ತೋರಿತು. ಏಕೆಂದರೆ ನಮ್ಮದು ಪೇಟೆಗಳನ್ನು ನೀರಿಗೆ ಕೊಟ್ಟ ಊರು.

ಘಟಪ್ರಭೆಯ ದಂಡೆಯ ಬಾಗಲಕೋಟೆಗೆ ಓಣಿಗಳಿಗಿಂತ ಮೊದಲು ಪೇಟೆಗಳ ಗುರುತು. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಎಂದು ಇಂದಿಗೂ ಹಿರಿಯರು ಬೆರಳು ಮಡಚಿ ಎಣಿಸುತ್ತಾರೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಕೊನೆಗೆ ಈ ಊರಿನ ತಗ್ಗಿನ ಭಾಗಗಳಿಗೂ ಬಂತು. ಮನೆ ಕಳೆದುಕೊಂಡವರಿಗೆ ಎತ್ತರದ ನೆಲದಲ್ಲಿ ನವನಗರ ಎದ್ದಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದಾಗ ಕಚೇರಿಗಳು ಇಲ್ಲಿಗೇ ಬಂದವು. ಅಗಲವಾದ ರಸ್ತೆ, ಸಾಲು ಮನೆ, ಹೆಸರಿನ ಬದಲು ಸಂಖ್ಯೆ ಹೊತ್ತ ಸೆಕ್ಟರುಗಳು. ನಾಡಿಗೆ ನೀರು ಬೇಕಿತ್ತು, ನಾವು ಊರು ಕೊಟ್ಟೆವು. ಅದನ್ನು ದೂರಾಗಿ ಹೇಳುತ್ತಿಲ್ಲ. ಆದರೆ ನಕ್ಷೆಯ ಮೇಲೆ ಮನೆಯನ್ನು ಎತ್ತಿ ಇಡಬಹುದು, ಪೇಟೆಯನ್ನು ಎತ್ತಿ ಇಡಲಾಗುವುದಿಲ್ಲ. ಅದು ತಾನೇ ಬೆಳೆಯಬೇಕು, ಬೆಳೆಯಲು ತಲೆಮಾರು ಬೇಕು.

ನಮ್ಮ ಹೋಳಿ ನಾಡಿಗೆಲ್ಲ ಗೊತ್ತು. ಒಂದೊಂದು ದಿನ ಒಂದೊಂದು ಪೇಟೆಯವರು ಬಂಡಿಯ ಮೇಲೆ ಬಣ್ಣದ ಬ್ಯಾರಲ್ ಹೇರಿಕೊಂಡು ಬಂದು ಊರನ್ನೇ ತೋಯಿಸುತ್ತಾರೆ, ಹಲಗೆಯ ಸದ್ದಿಗೆ ಗೋಡೆಗಳು ನಡುಗುತ್ತವೆ. ನಾನು ಇದರಲ್ಲಿ ಬಣ್ಣಕ್ಕಿಂತ ಹಿಂದಿನ ರಾತ್ರಿಯ ಕಾಮದಹನವನ್ನು ಹೆಚ್ಚು ನೆನೆಯುತ್ತೇನೆ. ಮಂದಿಯ ಬೇಕುಗಳ ಮೇಲೆಯೇ ಬದುಕುವ ಪೇಟೆಯವರು ವರ್ಷಕ್ಕೊಮ್ಮೆ, ಫಾಲ್ಗುಣದ ಹುಣ್ಣಿಮೆಗೆ, ಕಾಮನನ್ನು ನಡುಬೀದಿಯಲ್ಲಿ ಸುಡುತ್ತಾರೆ. ಹಬ್ಬ ಮುಗಿದ ಮೇಲೆ ಅಂಗಡಿಯ ಬಾಗಿಲು ಮತ್ತೆ ತೆರೆಯುತ್ತಾರೆ. ಇದರಲ್ಲಿ ಆಷಾಢಭೂತಿತನ ಏನೂ ಇಲ್ಲ. ಪುರಾಣದಲ್ಲೂ ಶಿವನ ಕಣ್ಣಿನ ಬೆಂಕಿಗೆ ಕಾಮನ ಮೈ ಸುಟ್ಟಿತು, ಕಾಮ ಉಳಿದ. ಬಯಕೆ ಇಲ್ಲದೆ ಲೋಕ ನಡೆಯದು, ಆದರೆ ಬಯಕೆಯೇ ಒಡೆಯನಾಗಿ ಕೂರಬಾರದು. ನಮ್ಮ ಪೇಟೆಗಳು ಇದನ್ನು ಗ್ರಂಥವಿಲ್ಲದೆ ಬಲ್ಲವು.

ಆ ಸಂಜೆ ನಾನು ಉತ್ತರ ಹೇಳುವ ಮುನ್ನ ಎಲ್ಲರಿಗೂ ಕೇಳಿದೆ: “ಒಂದೇ ಒಂದು ಅಂಗಡಿ ಕೊಡ್ತೀನಿ ಅಂದ್ರ ಯಾವುದು ಕೇಳ್ತೀರಿ?”

ಬ್ಯಾಂಕಿನಲ್ಲಿ ದುಡಿಯುವ ಆ ಎದುರುಮನೆಯ ಸೊಸೆ ಬಿಸಿ ರೊಟ್ಟಿಯ ಅಂಗಡಿ ಕೇಳಿದಳು. ಕೆಲಸದಿಂದ ಬಂದು ಮತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುವ ಹೊತ್ತು ಉಳಿದರೆ ಮಗನ ಜೊತೆ ಕೂರಬಹುದು ಎಂದಳು. ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಮೂಲೆಮನೆಯ ಕಾಕಾ ಚಹಾದಂಗಡಿ ಕೇಳಿದರು. ಚಹಾ ಮನೆಯಲ್ಲೇ ಸಿಗುತ್ತದೆ, ಅವರಿಗೆ ಬೇಕಿದ್ದದ್ದು ಹೊರಗೊಂದು ಬೆಂಚು, ಕೈಗೊಂದು ಪೇಪರು, ಹರಟೆಗೆ ಇಬ್ಬರು. ಕಾಲೇಜಿಗೆ ಹೋಗುವ ಹುಡುಗಿ ಪುಸ್ತಕದಂಗಡಿ ಕೇಳಿದಳು, ಹೆಣ್ಣುಮಕ್ಕಳು ತಾಸುಗಟ್ಟಲೆ ಕೂತರೂ ಯಾರೂ ತಿರುಗಿ ನೋಡದಂಥದ್ದು. ನಾಲ್ಕು ಮನೆಗಳ ಕಸ ಮುಸುರೆ ಮಾಡುವ ತಾಯಿಯೊಬ್ಬಳು ಬಾಗಿಲ ಬಳಿ ಕೂತಿದ್ದಳು. ಅವಳನ್ನೂ ಕೇಳಿದೆ. “ಉದ್ರಿ ಬರಕೊಳ್ಳೂ ಕಿರಾಣಿ ಬೇಕ್ರಿ ಅಕ್ಕೋರ” ಎಂದಳು. “ತಿಂಗಳ ಕಡೀಕ ನನ್ನ ಮಾತು ನಂಬೂ ಅಂಗಡಿ.”

ಯಾರೂ ಬರೀ ಸಾಮಾನು ಕೇಳಲಿಲ್ಲ. ಒಬ್ಬಳು ಹೊತ್ತು ಕೇಳಿದಳು, ಒಬ್ಬರು ಜೊತೆ ಕೇಳಿದರು, ಒಬ್ಬಳು ಅಂಜಿಕೆಯಿಲ್ಲದ ಜಾಗ ಕೇಳಿದಳು, ಒಬ್ಬಳು ನಂಬಿಕೆ ಕೇಳಿದಳು. ಅದರಲ್ಲೂ ಆ ಉದ್ರಿಯ ಮಾತು ನನ್ನನ್ನು ಬಹಳ ದಿನ ಕಾಡಿತು. ದೀಪಾವಳಿಗೆ ಶ್ರೀಕಾರ ಬರೆದು, ಕುಂಕುಮ ಹಚ್ಚಿ ಪೂಜಿಸುವ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಬಡವಳ ಹೆಸರಿಗೊಂದು ಸಾಲು ಇರುವುದೆಂದರೆ ಅವಳು ನಾಳೆಯೂ ಇಲ್ಲಿರುತ್ತಾಳೆ, ಕೊಟ್ಟ ಮಾತಿಗೆ ನಡೆಯುತ್ತಾಳೆ ಎಂದು ಊರು ಒಪ್ಪಿಕೊಂಡಂತೆ. ಗುರುತೇ ಇಲ್ಲದವರು ಅಕ್ಕಪಕ್ಕ ಬಂದು ನೆಲೆಸಿದ ಹೊಸ ಊರಿನಲ್ಲಿ ಅವಳು ಕಳೆದುಕೊಂಡದ್ದು ಆ ಸಾಲನ್ನು.

ಹಾಗಾದರೆ ಶರಣರು ಬಿಡಿರೆಂದ ಆಸೆ ಯಾವುದು? ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯ ಕತೆ ನಮ್ಮ ಸೀಮೆಯವರಿಗೆ ಹೊಸದಲ್ಲ. ಇಳಕಲ್ಲಿನ ಆಚೆ, ಲಿಂಗಸುಗೂರು ತಾಲೂಕಿನ ಅಮರೇಶ್ವರದ ಕಡೆಯವರು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ತಿರುಗಿ ಕಳಿಸಿದಳು. ಅಕ್ಕಿ ಆಯುವುದನ್ನು ಬಿಡು ಎಂದು ಆಕೆ ಹೇಳಲಿಲ್ಲ. ದಾಸೋಹ ಬೇಡ, ಹಸಿದು ಮಲಗೋಣ ಎಂದೂ ಹೇಳಲಿಲ್ಲ. ತನ್ನ ಪಾಲಿಗೆ ಮೀರಿದ್ದು ಇನ್ನೊಬ್ಬರ ಪಾಲು ಎಂದಷ್ಟೇ ಕಂಡಳು. ಹನ್ನೆರಡನೆಯ ಶತಮಾನದ ಆ ಹೆಣ್ಣುಮಗಳು ಹಾಕಿದ ಗೆರೆ ಇದು: ನನ್ನ ಬೇಕು ಇನ್ನೊಬ್ಬರ ಬದುಕಿನ ಜಾಗ ನುಂಗುವಲ್ಲಿಗೆ ಅದು ಆಸೆ.

ಅನುಭವ ಮಂಟಪದಲ್ಲಿ ಕೂತವರನ್ನು ನೋಡಿದರೂ ಇದು ತಿಳಿಯುತ್ತದೆ. ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಸೌದೆ ಮಾರುವ ಮೋಳಿಗೆಯ ಮಾರಯ್ಯ, ನೂಲು ತೆಗೆಯುವ ಕದಿರ ರೆಮ್ಮವ್ವೆ, ಚಪ್ಪಲಿ ಮಾಡುವ ಹರಳಯ್ಯ. ಒಂದು ಓಣಿಗೆ ಬೇಕಾದವರೆಲ್ಲ ಅಲ್ಲಿದ್ದರು. ಬುಟ್ಟಿ ಕೊಳ್ಳುವವರಿಲ್ಲದೆ ಕೇತಯ್ಯನ ಕಾಯಕ ನಡೆಯುವುದು ಹೇಗೆ? ಆದ್ದರಿಂದ ಅಂಗಡಿ ಬೇಕು ಎನ್ನುವುದು ಪಾಪವಲ್ಲ. ಆ ಬೇಕು ಯಾರ ಕಾಯಕಕ್ಕೆ ಜಾಗ ಮಾಡುತ್ತದೆ ಎಂದು ಕೇಳದಿರುವುದು ಕೊರತೆ. ನಾವು ಅಂಗಡಿಯನ್ನು ಯಾವಾಗಲೂ ಗಿರಾಕಿಯ ಕಡೆಯಿಂದ ನೋಡುತ್ತೇವೆ. ಧರ್ಮದ ಪ್ರಶ್ನೆ ತಕ್ಕಡಿಯ ಆಚೆ ಕೂತವರ ಕಡೆಯಿಂದ ಹುಟ್ಟುತ್ತದೆ.

ಈ ಅರಿವು ನಮ್ಮ ಜಿಲ್ಲೆಗೆ ಇನ್ನೂ ಹಳೆಯದು. ಹುನಗುಂದ ತಾಲೂಕಿನ ಐಹೊಳೆಗೆ ಈಗ ಮಂದಿ ಗುಡಿ ನೋಡಲು ಬರುತ್ತಾರೆ. ಆದರೆ ಆ ಊರು ವ್ಯಾಪಾರಿಗಳ ತವರು. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ತೆಂಕಣ ನಾಡುಗಳನ್ನೆಲ್ಲ ಸುತ್ತಿ, ಸಿಂಹಳಕ್ಕೆ ಹೋಗಿ, ಕಡಲು ದಾಟಿತು. ಸುಮಾತ್ರಾದ ಬಾರುಸ್‌ನಲ್ಲಿ 1088ರ ಅವರ ತಮಿಳು ಶಾಸನ ಸಿಕ್ಕಿದೆ. ತಾವು ಕಾಯುವುದು ಬಣಂಜು ಧರ್ಮವನ್ನು ಎಂದು ಅವರು ಕಲ್ಲಿನಲ್ಲಿ ಬರೆಸಿದರು, ಹೇರಿಗೆ ಇಷ್ಟೆಂದು ತಮ್ಮ ಸರಕಿನ ಮೇಲೆಯೇ ತೆರ ಹಾಕಿಕೊಂಡು ದೇವಾಲಯಗಳಿಗೆ ಕೊಟ್ಟರು. ವ್ಯಾಪಾರಕ್ಕೂ ಒಂದು ಧರ್ಮವುಂಟು, ಅದನ್ನು ಮುರಿದವನು ವ್ಯಾಪಾರಿಯೇ ಅಲ್ಲ ಎಂಬ ಭಾವ ಅಲ್ಲಿತ್ತು. ಅದೇ ಐಹೊಳೆಯ ಮೇಗುಟಿ ಗುಡ್ಡದ ಇಳಿಜಾರಿನಲ್ಲಿ ಬೌದ್ಧರ ಗುಡಿಯಿದೆ. ಗೃಹಸ್ಥರು ಮಾಡಬಾರದ ಐದು ವ್ಯಾಪಾರಗಳನ್ನು ಬುದ್ಧ ಹೆಸರಿಸಿದ್ದಾನೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ತೂಕದಲ್ಲಿ ಮೋಸ ಮಾಡುವವರ ಮೇಲೆ ಕುರಾನಿನಲ್ಲಿ ಒಂದು ಅಧ್ಯಾಯವೇ ಇದೆ. ಧರ್ಮಗಳು ಯಾವುವೂ ಅಂಗಡಿಯ ಹೊಸ್ತಿಲಲ್ಲಿ ನಿಂತು ಹಿಂದಿರುಗಿಲ್ಲ, ಒಳಗೆ ಬಂದು ತಕ್ಕಡಿ ಹಿಡಿದಿವೆ.

ಬೇಡದ ಅಂಗಡಿಯ ಮಾತನ್ನೂ ಆಡಲೇಬೇಕು. ಹೊಸ ಬಡಾವಣೆಗಳಲ್ಲಿ ಕೆಲವೆಡೆ ಗಿರಣಿಗಿಂತ ಮೊದಲು ಮದ್ಯದ ಅಂಗಡಿ ತೆರೆಯುತ್ತದೆ. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿದವರು. ಅವರು ಬೇಡಿದ್ದು ಕಾಳಲ್ಲ, ಕಾಸಲ್ಲ, ದುಶ್ಚಟಗಳನ್ನು. ಕುಡಿತವನ್ನು, ತಂಬಾಕನ್ನು ಈ ಜೋಳಿಗೆಗೆ ಹಾಕಿಬಿಡಿ ಎಂದರು. 2018ರಲ್ಲಿ ಅವರು ಲಿಂಗೈಕ್ಯರಾದರು, ಅವರ ಹುಟ್ಟುದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಅವರು ಅಂಗಡಿಯ ಮೇಲೆ ಕಲ್ಲು ಎಸೆಯಲಿಲ್ಲ, ಕೊಳ್ಳುವವನ ಮನಸ್ಸಿನ ಬಾಗಿಲು ತಟ್ಟಿದರು. ಶರಣರಲ್ಲಿ ಹೆಂಡದ ಮಾರಯ್ಯನೂ ಇದ್ದ, ಕುಡಿಯಲು ಬಂದವರಿಗೇ ಭಕ್ತಿಯ ಬುದ್ಧಿ ಹೇಳಿದವನು. ಗಿರಾಕಿಯೇ ಇಲ್ಲದ ಅಂಗಡಿ ನಾಲ್ಕು ದಿನ ನಿಲ್ಲದು. ನಮ್ಮ ಓಣಿ ಹೇಗಿರಬೇಕೆಂಬುದನ್ನು ಅರ್ಧ ನಾವೇ, ನಮ್ಮ ಕಿಸೆಯಿಂದಲೇ, ಪ್ರತಿದಿನ ತೀರ್ಮಾನ ಮಾಡುತ್ತೇವೆ.

ನನಗೆ ಬೇಕಾದ ಅಂಗಡಿಗಳು ಎಂಥವು ಎಂದರೆ ಎರಡು ಜಾಗ ತೋರಿಸುತ್ತೇನೆ. ಬಾದಾಮಿಯ ಬನಶಂಕರಿಗೆ ಹೋದವರೆಲ್ಲ ಅಲ್ಲಿ ಬುಟ್ಟಿಯಲ್ಲಿ ರೊಟ್ಟಿ, ಗಡಿಗೆಯಲ್ಲಿ ಮೊಸರು ಇಟ್ಟುಕೊಂಡು ಕೂರುವ ತಾಯಂದಿರನ್ನು ಕಂಡಿರುತ್ತಾರೆ. ಗೋಡೆಯಿಲ್ಲ, ಬೋರ್ಡಿಲ್ಲ. ಜೋಳದ ರೊಟ್ಟಿ, ಕೆಂಪು ಚಟ್ನಿ, ಕಾಳಿನ ಪಲ್ಯ, ಕೆನೆಮೊಸರು. “ಇನ್ನೊಂದೀಟು ಹಚ್ಚಿಕೋ ಯವ್ವಾ” ಎಂದು ಉಣ್ಣಿಸುತ್ತಾರೆ. ದೇವಿಯ ದರ್ಶನದಷ್ಟೇ ಅವರ ಕೈಯ ಊಟವೂ ಯಾತ್ರೆಯ ಭಾಗ. ಅದೊಂದು ಅಂಗಡಿ ಒಂದು ಮನೆಯನ್ನು ನಡೆಸುತ್ತದೆ, ಹಸಿದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದೂ ಇಲ್ಲ.

ಇನ್ನೊಂದು ಇಳಕಲ್ಲಿನ ಮಗ್ಗದ ಮನೆ. ಇಳಕಲ್ ಸೀರೆಯ ಒಡಲಿನ ಹಾಸೇ ಬೇರೆ, ಸೆರಗಿನ ರೇಷ್ಮೆಯ ಹಾಸೇ ಬೇರೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಒಂದಕ್ಕೊಂದು ಸೇರಿಸಿದ ಮೇಲೆಯೇ ನೇಯ್ಗೆ. ಕೆಂಪು ಸೆರಗಿನ ಮೇಲೆ ಬಿಳಿಯ ತೋಪು ತೆನೆ ಏಳುವುದನ್ನು ಕಣ್ಣಾರೆ ನೋಡಿದವರು ಬೆಲೆಯ ಜಗ್ಗಾಟ ತಾವಾಗಿಯೇ ಕಡಿಮೆ ಮಾಡುತ್ತಾರೆ. ಮಾಡುವವನ ಮುಖ ಕಂಡಾಗ ಕೊಳ್ಳುವವನಿಗೆ ನ್ಯಾಯ ತಾನಾಗಿ ನೆನಪಾಗುತ್ತದೆ. ಅಗ್ಗದ ನಕಲಿ ಸೀರೆ ಕೊಳ್ಳುವಾಗ ಆ ಮುಖ ನಮ್ಮ ಮುಂದಿರುವುದಿಲ್ಲ, ಆ ಅಗ್ಗದ ಭಾರ ಹೊತ್ತವರು ಯಾರೆಂದು ನಾವು ಕೇಳುವುದೂ ಇಲ್ಲ.

ಇಷ್ಟು ಹೇಳಿದಾಗ ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಒಂದು ಮಾತು ಕೇಳಿದ: “ದೊಡ್ಡವ್ವ, ಫೋನಿನ್ಯಾಗ ಒತ್ತಿದ್ರ ಎಲ್ಲಾ ಮನೀಗೆ ಬರ್ತದ. ಓಣಿಗೊಂದು ಅಂಗಡಿ ಇನ್ನ ಯಾಕ ಬೇಕು?” ಆ ಸೌಲಭ್ಯವನ್ನು ನಾನು ಹಳಿಯುವುದಿಲ್ಲ. ಹಾಸಿಗೆ ಹಿಡಿದವರಿಗೆ, ಒಂಟಿ ಮುದುಕರಿಗೆ ಅದು ವರ. ಆದರೆ ಫೋನು ಉದ್ರಿ ಕೇಳುವ ತಾಯಿಯ ಮಾತನ್ನು ನಂಬುವುದಿಲ್ಲ. ಕಾಕಾ ಬೆಂಚಿಗೆ ಬಾರದ ದಿನ ಮೈಗೆ ಹುಷಾರಿಲ್ಲವೇ ಎಂದು ಮನೆಗೆ ಬಂದು ಕೇಳುವುದೂ ಇಲ್ಲ.

ಇನ್ನೊಂದು ಮಾತು ಇದಕ್ಕಿಂತ ತೂಕದ್ದು. ಹಳೆಯ ಪೇಟೆಯನ್ನು ನೆನೆದು ನಿಟ್ಟುಸಿರು ಬಿಡುವವರು ಅದರ ಅನ್ಯಾಯವನ್ನೂ ನೆನೆಯಬೇಕು. ಜವಳಿ ಅಂಗಡಿಯ ಸಾವಕಾರರಿಗೆ ಗಾದಿ, ಲೋಡು. ಚಪ್ಪಲಿ ಹೊಲಿಯುವವನಿಗೆ ಬಿಸಿಲು, ಗಟಾರದ ಮಗ್ಗುಲು. ಕುಡಿಯಲು ನೀರು ಕೇಳಿದರೆ ಮೇಲಿಂದ ಸುರಿಯುತ್ತಿದ್ದರು. ಚಪ್ಪಲಿ ಮಾಡುವ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಬಿಜ್ಜಳನ ಕಲ್ಯಾಣ ಇಬ್ಬರು ತಂದೆಯರ ಜೀವ ತೆಗೆಯಿತು. ಕಾಯಕ ದೊಡ್ಡದೆಂದು ಬಾಯಲ್ಲಿ ಹೇಳಿ ಕಾಯಕ ಮಾಡುವವನನ್ನು ಹೊರಗೆ ಕೂರಿಸಿದ ಪೇಟೆ ನೀರಲ್ಲಿ ಮುಳುಗಿದ್ದಕ್ಕೆ ನಾನು ಅಳುವುದಿಲ್ಲ. ನವನಗರದಲ್ಲಿ ಸೆಕ್ಟರಿಗೆ ಸಂಖ್ಯೆಯಿದೆ, ಜಾತಿಯ ಹೆಸರಿಲ್ಲ. ಇದು ನಮಗೆ ಸಿಕ್ಕ ದೊಡ್ಡ ಅವಕಾಶ. ಹಳೇ ಪೇಟೆಯ ನಂಬಿಕೆಯನ್ನು ತರೋಣ, ಅದರ ಗೆರೆಗಳನ್ನು ತರುವುದು ಬೇಡ.

ಎದುರುಮನೆಯ ಸೊಸೆಗೆ ನಾನು ಕೊನೆಗೆ ಹೇಳಿದ್ದು ಇಷ್ಟೇ. ರೊಟ್ಟಿಯಂಗಡಿ ಬೇಕು ಎನ್ನು, ಅದು ಆಸೆಯಲ್ಲ. ರೊಟ್ಟಿ ಬಡಿಯುವವಳು ಎಲ್ಲಿ ಕೂರುತ್ತಾಳೆ, ಒಂದು ರೊಟ್ಟಿಗೆ ಎಷ್ಟು ಕೊಟ್ಟರೆ ಅವಳ ಮಗುವೂ ಶಾಲೆಗೆ ಹೋದೀತು ಎಂದು ಜೊತೆಗೇ ಕೇಳು. ಅಷ್ಟು ಕೇಳಿದರೆ ನಿನ್ನ ಬೇಕು ದಾಸೋಹಕ್ಕೆ ಹತ್ತಿರವಾಗುತ್ತದೆ.

ಓದುವ ನಿಮಗೂ ಇದೇ ವಿನಂತಿ. ನಿಮ್ಮ ಬಡಾವಣೆಯ ಸಭೆಯಲ್ಲಿ ದೊಡ್ಡ ಮಳಿಗೆ ಬರಲಿ ಎಂದು ಅರ್ಜಿ ಬರೆಯುವ ಮೊದಲು, ಈಗಾಗಲೇ ಮರದ ಕೆಳಗೆ, ರಸ್ತೆಯ ಬದಿಗೆ ಕೂತು ದುಡಿಯುತ್ತಿರುವವರು ಯಾರೆಂದು ನೋಡಿರಿ. ಕಾಯಿಪಲ್ಯದವಳು, ಚಪ್ಪಲಿ ಹೊಲಿಯುವವನು, ಬಳೆ ತೊಡಿಸುವವನು. ಅವರಿಗೊಂದು ನೆರಳು, ಒಂದು ನಲ್ಲಿ, ಹೆಣ್ಣುಮಕ್ಕಳಿಗೊಂದು ಶೌಚಾಲಯ, ಎಬ್ಬಿಸದಂಥ ಒಂದು ಜಾಗ ಕೊಡಿರೆಂದು ಮೊದಲ ಸಾಲಿನಲ್ಲಿ ಬರೆಯಿರಿ. ನಮಗೆ ಬೇಕಾದ ಅಂಗಡಿಯನ್ನು ಎರಡನೆಯ ಸಾಲಿನಲ್ಲಿ ಕೇಳೋಣ.